ಸಾತನೂರು ಟೀಮಿಗೆ ಹೋದ ತಮ್ಮನಿಗೆ

ಅಕ್ಕೂರು
೧೩-೨-೨೦೨೫, ಗುರುವಾರ

ಬಾಲರಾಜುಗೆ,

ಮೇಲೆ ಗೀಚಿ ಹೊಡೆದುಹಾಕಿರೋದು ‘ಪ್ರೀತಿಯ’ ಅನ್ನೋ ಮಾತು. ಬರೆದೆ, ಆಮೇಲೆ ಹೊಟ್ಟೆ ಉರೀತು, ಹೊಡೆದುಹಾಕಿದೆ. ನಿನ್ನ ಅಕ್ಕ ಸುಚಿತ್ರಾ ಬರೀತಿರೋದು. ಮೈಯಾಗೆ ಹುಷಾರಾಗಿದ್ದೀಯಾ? ಹೊತ್ತೊತ್ತಿಗೆ ಮುದ್ದೆ ಉಣ್ತೀಯಾ, ಇಲ್ಲ ಆ ಟೀಮಿನೋರ ರೂಮ್‌ನಾಗೆ ಪರೋಟ ತಿಂದು ಬಿದ್ಕೋತೀಯಾ? ನೀನು ಹೆಂಗಿದ್ರೆ ನಂಗೇನು ಅಂದ್ಕೊಂಡೇ ಬರೆಯೋಕೆ ಕೂತೆ, ಆದ್ರೂ ಇಷ್ಟು ಕೇಳ್ದೆ ಪೆನ್ನು ಮುಂದಕ್ಕೆ ಹೋಗ್ಲಿಲ್ಲ. ಫೋನ್ ಮಾಡಿದ್ರೆ ರಿಂಗೇ ಆಗಲ್ಲ. ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ ಅಂತ ನಮ್ಮ ದಿವ್ಯ ನೋಡಿ ಹೇಳಿದ್ಲು. ಹೇಳೋಕೆ ಆ ಮಗೀಗೇ ನಾಚಿಕೆ ಆಯ್ತು. ಅವ್ವ ಸತ್ತ ಮೇಲೆ ನಿನ್ನ ಕೈ ಹಿಡ್ಕೊಂಡು ಈ ಮನೆಗೆ ಕರ್ಕೊಂಡು ಬಂದೋಳು ನಾನು. ಅಂಥೋಳ ನಂಬರನ್ನ ಬ್ಲಾಕ್ ಮಾಡಿದ ನಿನ್ನ ಕೈ ಸೇದೋಗ. ಅದಕ್ಕೇ ಈ ಕಾಗದ. ಹರಿದು ಬಿಸಾಕೋ ಮುಂಚೆ ಪೂರ್ತಿ ಓದು.

ಇಲ್ಲಿ ರೇಷ್ಮೆ ಹುಳ ಮೂರನೇ ಜ್ವರ ಮುಗಿಸಿ, ಪೊರೆ ಬುಟ್ಟು ಎದ್ದವೆ. ಎಷ್ಟು ಸೊಪ್ಪು ಹಾಕಿದ್ರೂ ಸಾಲ್ತಿಲ್ಲ, ಕೊಯ್ದು ಕೊಯ್ದು ನನ್ನ ಕೈ ಕಪ್ಪಾಗೋಗೈತೆ. ನೀನಿದ್ದಿದ್ರೆ ಬೆಳಿಗ್ಗೆ ಒಂದು ಹೊರೆ ತಂದಾಕ್ತಿದ್ದೆ. ಇರಲಿ. ನಿನ್ನ ವಿಷ್ಯ ನಂಗೆ ಹೆಂಗೆ ಗೊತ್ತಾಯ್ತು ಅಂತ ನೀನು ಕೇಳ್ದೆ ಇದ್ರೂ ನಾನು ಹೇಳೋಳೇ. ಸಂಕ್ರಾಂತಿ ಮುಗಿದ ವಾರ ಡೈರಿ ತಾವ ಹಾಲು ಹಾಕೋಕೆ ಸಾಲಲ್ಲಿ ನಿಂತಿದ್ದೆ. ನಮ್ಮ ಕಬಡ್ಡಿ ಟೀಮಿನ ಪ್ರೆಸಿಡೆಂಟ್ ಬೋರಲಿಂಗಯ್ಯ ಬಂದೋನು, ಮೊಬೈಲ್ ತಂದು ನನ್ನ ಮುಖಕ್ಕೆ ಹಿಡಿದ. ಸಾತನೂರು ಟೀಮಿನ ಪೋಸ್ಟರ್. ನಡುಮಧ್ಯ ನೀನು, ಹೊಸ ಬನೀನು ಹಾಕ್ಕೊಂಡು ತೊಡೆ ತಟ್ತಾ ನಿಂತಿದ್ದೀಯ. ಕೆಳಗೆ ಬೆಂಕಿ ಬೆಂಕಿ ಅಕ್ಷರದಲ್ಲಿ ‘ಈ ಸೀಜನ್ನಿಗೆ ನಮ್ಮ ಹುಲಿ’. ನೋಡಮ್ಮ ನಿನ್ನ ತಮ್ಮನ್ನ, ಒಂದು ಸೀಜನ್ನಿಗೆ ಎಂಬತ್ತು ಸಾವಿರಕ್ಕೆ ಹೋಗವ್ನೆ ಅಂದ. ಸಾಲಲ್ಲಿದ್ದೋರೆಲ್ಲ ನನ್ನ ನೋಡಿದ್ರು. ಹಿಂದಿನ ದಿನ ನೀನು ನಮ್ಮನೇಲೇ ಹಿತಕಿದ ಅವರೆಕಾಯಿ ಸಾರು ಉಂಡು, ಸ್ನೇಹಿತನ ಮದ್ವೆ ಅಂತ ಬ್ಯಾಗು ತಗೊಂಡು ಹೋಗಿದ್ದೆ. ಬಟ್ಟೆ ಇಸ್ತ್ರಿ ಮಾಡಿಕೊಟ್ಟೋಳು ನಾನು! ಆಗ ನನ್ನ ಮುಖ ನೋಡಿಕೊಂಡು ಸುಳ್ಳು ಹೇಳಿದ್ಯಲ್ಲ, ದುಡ್ಡಿಗಿಂತ ಅದು ನನ್ನ ಎದೆ ಸುಡ್ತು ಕಣ್ಲಾ.

ಅಲ್ಲಿಂದ ಶುರುವಾಯ್ತು ನೋಡು ಡೈರಿ ತಾವ ಪಂಚಾಯ್ತಿ. ಊರಿಗೆ ಆಡೋನು ರೇಟು ಹೇಳ್ತಾನೇನ್ರಲಾ, ನಾವು ಆಡೋ ಕಾಲದಲ್ಲಿ ಮಂಡಿ ಕಿತ್ಕೊಂಡು ಆಡ್ತಿದ್ವಿ, ಯಾವನು ಕಾಸು ಕೇಳ್ದ ಅಂತ ಬೋರಲಿಂಗಯ್ಯ ಕೂಗಾಡ್ದ. ನೀನು ಯಾವತ್ತು ಆಡಿದ್ದೆ, ಗೆರೆ ಆಚೆ ನಿಂತು ಸೀಟಿ ಹೊಡೀತಿದ್ದೆ ಅಂತ ನನ್ನ ಹಿಂದೆ ಸಾಲಲ್ಲಿದ್ದ ಗಂಗಯ್ಯಮಾವ ಅಂದ್ಬುಟ್ಟ. ಅಷ್ಟಕ್ಕೆ ನಿಲ್ಲಿಸಿದ್ನಾ? ಬ್ಯಾನರಿಗೆ ಆ ಹುಡುಗನ ಫೋಟೋ ಹಾಕಿ ಊರೂರು ಚಂದಾ ಎತ್ತಿದ್ರಲ್ಲ, ಅವನಿಗೇನು ಕೊಟ್ರಿ, ಒಂದು ಜೊತೆ ಶೂ, ಗೆದ್ರೆ ಬಿರಿಯಾನಿ, ಸೋತ್ರೆ ಬೈಗುಳ ಅಂದ. ಮಾತಿಗೆ ಮಾತು ಬೆಳೆದು ಇಬ್ರೂ ಎದೆಗೆ ಎದೆ ಕೊಟ್ಟು ನಿಂತ್ರು. ಗಂಗಯ್ಯಮಾವನ ಕ್ಯಾನು ಉರುಳಿ ಹಾಲೆಲ್ಲ ರೋಡಿಗೆ ಹೋಯ್ತು. ಅವತ್ತಿಂದ ಇಬ್ರೂ ಒಂದೇ ಹೋಟೆಲ್‌ನಾಗೆ ಟೀ ಕುಡಿಯಲ್ಲ. ನಾನು ಯಾರ ಕಡೆ ಮಾತಾಡ್ಲಿ? ಹಾಲು ಹಾಕಿ ಬಂದೆ.

ನಿಮ್ಮ ಭಾವಂಗೆ ನಾನು ಹೇಳೋ ಅಷ್ಟರಲ್ಲಿ ಯಾರೋ ಹೇಳ್ಬುಟ್ಟಿದ್ರು. ಅವರು ಬೈತಾರೆ, ಕೂಗಾಡ್ತಾರೆ ಅಂದ್ಕೊಂಡಿದ್ದೆ. ನಡುಮನೆ ಷೆಲ್ಫಿನಲ್ಲಿದ್ದ ನೀನು ಗೆದ್ದ ಕಪ್ಪುಗಳನ್ನ ಒಂದೊಂದೇ ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಎಸೆದ್ರು. ಕಣದಲ್ಲಿ ಮರಳು ಹಾಸಿ ನಿಂಗೆ ಕಾಲು ಬೀಸೋದು ಕಲಿಸಿದೋರು ಅವರು, ನೆನಪೈತಾ? ನೀನು ಸ್ಕೂಲಿಂದ ಬರೋದನ್ನೇ ಕಾದು, ಹೊಲದ ಕೆಲಸ ಅರ್ಧಕ್ಕೆ ಬುಟ್ಟು ಬತ್ತಿದ್ರು. ನಮ್ಮ ಮದ್ವೆಯಾದ ಹೊಸದರಲ್ಲಿ ನನ್ನ ಹತ್ರ ಆಡಿದ ಮಾತಿಗಿಂತ ನಿನ್ನ ಹತ್ರ ಆಡಿದ್ದೇ ಜಾಸ್ತಿ. ಹೋಗೋನು ಹೇಳಿ ಹೋಗಿದ್ರೆ ಬೈತಿದ್ರು, ಒಂದೇಟು ಹೊಡೀತಾನೂ ಇದ್ರು. ಆದ್ರೂ ಹೇಳ್ಬೇಕಿತ್ತು ನೀನು. ಹೊಡೆಸ್ಕೊಂಡು ಹೋಗ್ಬೇಕಿತ್ತು.

ನೀನು ಹೋದ ಮೇಲೆ ಟೀಮಿಗೆ ಹೊಸ ರೈಡರ್ ಹುಡ್ಕೋ ಕೆಲಸ ನಿಮ್ಮ ಭಾವನ ತಲೆಗೆ ಬಿತ್ತು. ಹೆಂಡ್ತಿ ತಮ್ಮ ಮಾಡಿದ ತೂತನ್ನ ನೀನೇ ಮುಚ್ಚಪ್ಪ ಕೆಂಪರಾಜು ಅಂತ ಬೋರಲಿಂಗಯ್ಯ ಕುಟುಕಿದ. ಮರಳವಾಡಿಯಲ್ಲಿ ಒಬ್ಬ ಹುಡುಗ ಅವ್ನೆ, ಚೆನ್ನಾಗಿ ಆಡ್ತಾನೆ ಅಂತ ಹೋದ್ರು. ಅವನು ನಿನ್ನ ರೇಟು ಹೇಳ್ಕೊಂಡು ಕೂತವ್ನೆ. ಬಾಲರಾಜುಗೆ ಅಷ್ಟಾದ್ರೆ ನಂಗೆ ಇಷ್ಟು ಬೇಡ್ವಾ ಅಂದ್ನಂತೆ. ನಿಮ್ಮ ಭಾವ ಹೂಂ ಅಂದು ಎರಡು ದಿನ ಬುಟ್ಟು ಹೋಗೋ ಅಷ್ಟರಲ್ಲಿ ಮಾಗಡಿಯೋರು ಬಂದು ಇನ್ನೂ ಜಾಸ್ತಿ ಹೇಳಿ ಎತ್ತಾಕ್ಕೊಂಡು ಹೋಗವ್ರೆ. ಕನಕಪುರದೋರು ಹರಿಯಾಣದಿಂದಲೇ ಇಬ್ಬರನ್ನ ಇಳಿಸವ್ರಂತೆ, ಅವರಿಗೆ ದಿನಾ ಲೀಟರ್‌ಗಟ್ಟಲೆ ಹಾಲಂತೆ, ತುಪ್ಪವಂತೆ. ನೀನು ಒಬ್ಬ ಎದ್ದು ಹೋಗಿದ್ದಕ್ಕೆ ಸುತ್ತ ನಾಕು ತಾಲ್ಲೂಕಿನ ಹುಡುಗರಿಗೆಲ್ಲ ತಲೆ ತಿರುಗೈತೆ. ಇಲ್ಲಿ ಬಾಯಿಗೆ ಬಂದಂಗೆ ನಿನ್ನ ಬೈಯೋರಿಗೇನು ಕಮ್ಮಿಯಿಲ್ಲ. ನಾನೂ ಬೈದಿದ್ದೀನಿ, ಸುಳ್ಳು ಯಾಕೆ ಹೇಳಲಿ. ಎಂಬತ್ತು ಸಾವಿರ! ಸೊಂಟ ಮುರ್ಕೊಂಡು ಎಷ್ಟು ಬೆಳೆ ಹುಳ ಮೇಯಿಸಿದ್ರೆ ನನ್ನ ಕೈಗೆ ಅಷ್ಟು ಉಳೀತದೆ?

ಆದ್ರೆ ರಾಮನಗರದ ಗೂಡಿನ ಮಾರ್ಕೆಟ್‌ನಲ್ಲಿ ನಡೆದಿದ್ದು ಹೇಳ್ತೀನಿ ಕೇಳು. ಹೋದ ಬೆಳೆ ಗೂಡು ಹಾಕೋಕೆ ನಿಮ್ಮ ಭಾವನ ಜೊತೆ ನಾನೂ ಹೋಗಿದ್ದೆ. ಗೂಡಿಂದ ದಾರ ತೆಗೆಸೋ ರೀಲರ್ ನಿಯಾಜ್ ಸಿಕ್ಕಿದ. ಅದೇ, ನಮ್ಮ ಟೀಮಿನ ಆಟ ಎಲ್ಲಿದ್ರೂ ಬೈಕು ಹತ್ತಿ ಬರೋನು, ನೀನು ರೈಡಿಗೆ ಹೋದ್ರೆ ಟವೆಲ್ ಬೀಸೋನು. ನಿಮ್ಮ ಭಾವ ಅವನ ಹತ್ರ ನಿನ್ನ ಮೇಲೆ ಹೊಟ್ಟೇಲಿದ್ದಿದ್ದನ್ನೆಲ್ಲ ಕಕ್ಕಿದ್ರು. ನಿಯಾಜ್ ನಿಂತು ಕೇಳ್ದ, ಕೇಳಿ ಹೇಳ್ದ, ಕೆಂಪಣ್ಣ, ನನ್ನ ಹತ್ರ ದಾರ ತೆಗೆಯೋ ಹೆಂಗಸರು ಪಕ್ಕದೋನು ಒಸಿ ಜಾಸ್ತಿ ಕೊಟ್ರೆ ಅಲ್ಲಿಗೆ ಹೋಗ್ತಾರೆ, ನಂಗೆ ಉರೀತದೆ, ಹಂಗಂತ ಕಳ್ಳಿ ಅಂತೀನಾ? ಅವರ ಕೈ ಬಿಸಿನೀರಲ್ಲಿ ಬೇಯೋದು, ನಂದಲ್ಲ ಅಂದ. ಅದು ಕೂಲಿ, ಇದು ಊರ ಮಾನ ಅಂದ್ರು ನಿಮ್ಮ ಭಾವ. ಊರ ಮಾನ ಅಂದ್ರೆ ಊರೆಲ್ಲ ಹೊರ್ಲಿ, ಒಬ್ಬನ ತಲೆ ಮೇಲೆ ಯಾಕೆ ಅಂದ ನಿಯಾಜ್. ಅಷ್ಟೇ. ಹತ್ತು ವರ್ಷದ ಸ್ನೇಹ, ಅಲ್ಲೇ ಮುಖ ತಿರುಗಿಸ್ಕೊಂಡು ಬಂದ್ಬುಟ್ರು. ಬಸ್ಸಲ್ಲಿ ನನ್ನ ಪಕ್ಕ ಕೂರ್ಲಿಲ್ಲ, ನಾನೇ ಅವನ ಕೈಲಿ ಹೇಳಿಸಿದಂಗೆ.

ಕೊನೆಗೆ ನಿನ್ನ ಜಾಗಕ್ಕೆ ರೈಡರ್ ಯಾರೂ ಸಿಗ್ಲಿಲ್ಲ. ಬೋರಲಿಂಗಯ್ಯನೇ ಹೊಸೂರು ಕಡೆಯಿಂದ ರೈಡರನ್ನ ಹಿಡಿದು ಕೆಡವೋ ಒಬ್ಬ ಕ್ಯಾಚರನ್ನ ತಂದವ್ನೆ. ಎಮ್ಮೆ ಕೋಣದಂಗೆ ಅವ್ನೆ, ಯಾರ ಹತ್ರಾನೂ ನಗಲ್ಲ. ನಮ್ಮ ಊರಿನ ಹುಡುಗನ್ನ ಕೂರಿಸಿ ಅವನನ್ನ ಇಳಿಸ್ತಾರಂತೆ. ಕೂತ ಹುಡುಗನ ಮನೆಯೋರು ಟೀಮಿಗೆ ಇನ್ನು ಒಂದು ರೂಪಾಯಿ ಚಂದಾ ಕೊಡಲ್ಲ ಅಂತ ಕೂತವ್ರೆ. ನೋಡು, ನಿನ್ನಿಂದ ಊರು ಎಷ್ಟು ಭಾಗ ಆಗೈತೆ ಅಂತ.

ಇನ್ನೊಂದು. ಹುಳದ ಮನೆ ಗೋಡೆ ಮೇಲೆ ಯಾರೋ ಕೆಂಪು ಬಣ್ಣದಲ್ಲಿ ‘ಬಾಲರಾಜು ಸಾತನೂರು ಸಂತೆ ಟಗರು’ ಅಂತ ಬರೆದ್ಬುಟ್ಟಿದ್ರು. ಬೆಳಿಗ್ಗೆ ಎದ್ದು ನೋಡಿ ಅಳು ಬಂತು ನಂಗೆ. ಬ್ರಷ್ಷು ತಗೊಂಡು ತಿಕ್ಕಿದೆ, ಹೋಗ್ಲಿಲ್ಲ. ಪೇಂಟು ತಂದು ಬಳೀತೀನಿ ಅಂದೆ. ನಿಮ್ಮ ಭಾವ ಬಂದು ನೋಡಿದ್ರು, ಪೇಂಟು ಬಳೀಬೇಡ, ಹುಳಕ್ಕೆ ವಾಸನೆ ಆಗಲ್ಲ ಅಂದು ಹೊಲಕ್ಕೆ ಹೋದ್ರು. ಹುಳದ ಚಿಂತೆ ಐತೆ, ಹೆಂಡ್ತಿ ತವರಿನ ಹೆಸರು ಗೋಡೆ ಮೇಲೆ ಬಿದ್ದಿದ್ದಕ್ಕೆ ಚಿಂತೆಯಿಲ್ಲ. ಅವತ್ತು ಮಧ್ಯಾಹ್ನ ಊಟಕ್ಕೆ ಬಂದಾಗ ನನ್ನ ಬಾಯಿ ನಿಲ್ಲಲಿಲ್ಲ. ಏನು ಕೊಟ್ರಿ ಅವನಿಗೆ, ಈ ಊರಿಗೆ ಇಷ್ಟು ಕಪ್ಪು ತಂದನಲ್ಲ, ಏನು ಕೊಟ್ರಿ ಅಂದೆ. ಅನ್ನ ಹಾಕಿದ್ದೀನಿ ಅಂದ್ರು. ಅನ್ನ ಬೇಯ್ಸಿದ್ದು ನಾನು ಅಂದೆ. ತಟ್ಟೆ ಬುಟ್ಟು ಎದ್ದೋದ್ರು. ಅವತ್ತಿಂದ ಮನೇಲಿ ಮಾತಿಲ್ಲ. ದಿವ್ಯ ನಮ್ಮಿಬ್ಬರ ಮಧ್ಯ ಟಪಾಲು ಹೊರ್ತಾಳೆ, ಅಪ್ಪ ಸೊಪ್ಪು ಕೇಳ್ತು, ಅಮ್ಮ ಊಟಕ್ಕೆ ಕರೀತು ಅಂತ.

ಇಷ್ಟೆಲ್ಲ ಆದ ಮೇಲೂ ನಿನ್ನ ಪರ ನಾನಿದ್ದೀನಿ ಅಂದ್ಕೊಬೇಡ. ದುಡ್ಡು ತಗೊಂಡಿದ್ದಕ್ಕಲ್ಲ. ತಗೋ, ಬೇಕಾದಷ್ಟು ತಗೋ, ನಿನ್ನ ಬೆವರು. ಕಳ್ಳನಂಗೆ ಹೋದ್ಯಲ್ಲ, ಅದಕ್ಕೆ. ಇವತ್ತಿಗೂ ಏನಾದ್ರೂ ಒಳ್ಳೆ ಅಡುಗೆ ಮಾಡಿದ್ರೆ ನಿನ್ನ ಪಾಲು ಮುಚ್ಚಿಟ್ಟು, ಆಮೇಲೆ ನೆನಪಾಗಿ ನಾನೇ ಹಸುಗೆ ಹಾಕ್ತೀನಿ. ಭಾನುವಾರ ಚನ್ನಪಟ್ಟಣದಲ್ಲಿ ನಮಗೂ ನಿಮಗೂ ಆಟ. ನಾನು ಬರಲ್ಲ. ಯಾರು ಗೆದ್ರೂ ನಂಗೆ ಮನೇಲಿ ಊಟ ಸೇರಲ್ಲ. ನೀನೂ ಆಟ ಮುಗಿಸ್ಕೊಂಡು ಈ ಕಡೆ ಬತ್ತೀನಿ ಅಂತ ಬರ್ಬೇಡ, ಬಾಗಿಲು ತೆಗೆಯಲ್ಲ.

ನೆತ್ತಿಗೆ ಎಣ್ಣೆ ಹಚ್ಕೊ, ಉಷ್ಣ ಆಗಿರ್ತದೆ. ದೇವರು ನಿಂಗೆ ಒಳ್ಳೇದು ಮಾಡ್ಲಿ, ಜೊತೆಗೆ ಒಸಿ ಬುದ್ಧಿನೂ ಕೊಡ್ಲಿ.

ಇಂತಿ ನಿನ್ನ ಅಕ್ಕ,
ಸುಚಿತ್ರಾ

ಮರೆತೆ ಅಂತ ಅಲ್ಲ, ಕೊನೆಗೆ ಬರೆಯೋಣ ಅಂತ ಇಟ್ಕೊಂಡಿದ್ದೆ. ಗಂಗಯ್ಯಮಾವ ಹಸು ನೋಡೋಕೆ ಸಾತನೂರಿಗೆ ಹೊಂಟವ್ನೆ, ಕಾಗದ ಅವನ ಕೈಲೇ ಕಳಿಸ್ತಿದ್ದೀನಿ. ಬಸ್ಸಿಗೆ ಹೊತ್ತಾಯ್ತು ಅಂತ ಬಾಗಿಲಲ್ಲಿ ನಿಂತವ್ನೆ. ಭಾನುವಾರ ನಿನ್ನ ಔಟ್ ಮಾಡೋದಲ್ಲ, ಇನ್ನು ಯಾವ ಊರಿಗೂ ಆಡದಂಗೆ ಕಾಲು ಮುರಿ ಅಂತ ಬೋರಲಿಂಗಯ್ಯ ಆ ಹೊಸೂರಿನೋನಿಗೆ ಹೇಳವ್ನೆ. ನಿಂಗೆ ಮೊಣಕಾಲು ನೋವೈತೆ ಅಂತ ಊರಿಗೆಲ್ಲ ಗೊತ್ತು. ನೀನು ಎರಡಕ್ಕೂ ಪಟ್ಟಿ ಕಟ್ಕೊಂಡು ಆಡ್ತಿದ್ದರಿಂದ ಯಾವ ಕಾಲು ಅಂತ ನಮ್ಮನೆಯೋರಿಗೆ ಬುಟ್ರೆ ಯಾರಿಗೂ ಗೊತ್ತಿಲ್ಲ. ಅದನ್ನ ನಿನ್ನೆ ನಿಮ್ಮ ಭಾವನ್ನ ಕೇಳವ್ರೆ. ಇವರು ಬಲಗಾಲು ಅಂತ ಹೇಳಿ ಬಂದವ್ರೆ. ನಿಂದು ಎಡಗಾಲಲ್ವಾ. ಇಷ್ಟು ದಿನದ ಮೇಲೆ ನನ್ನ ಹತ್ರ ಬಾಯಿ ಬಿಟ್ಟಿದ್ದು ಇದನ್ನ ಹೇಳೋಕೆ, ಅವನಿಗೆ ಬರಿ ಅಂದೋರೂ ಅವರೇ. ಬಲಗಾಲು ಹಿಡಿದ್ರೆ ಹಿಡೀಲಿ, ಮೂರು ಜನಾನ ಎಳ್ಕೊಂಡು ಹೋಗಿ ಗೆರೆ ಮುಟ್ತಾನೆ, ಎಡಗಾಲು ಮಾತ್ರ ಹಿಂದಕ್ಕೆ ಇಟ್ಕೊಂಡು ಆಡೋಕೆ ಹೇಳು ಅಂದ್ರು. ಆಡ್ದೆ ಇದ್ರೆ ಇನ್ನೂ ಒಳ್ಳೇದು, ಆದ್ರೆ ನೀನು ಕೇಳೋನಲ್ಲ. ಓದಿದ ತಕ್ಷಣ ಇದನ್ನ ಒಲೆಗೆ ಹಾಕು. ಇಲ್ಲಿ ಗೊತ್ತಾದ್ರೆ ನಿಮ್ಮ ಭಾವ ಈ ಊರಲ್ಲಿ ತಲೆ ಎತ್ಕೊಂಡು ತಿರುಗಂಗಿಲ್ಲ.