ಮಡಚಿದ ಹಾಳೆ ಬಿಚ್ಚಿದವಳ ಪತ್ರ

ಮೂರನೇ ತರಗತಿಯ ಟೀಚರ್ ಅವರಿಗೆ,

ನಮಸ್ಕಾರ ಹೇಳಿ ಶುರು ಮಾಡುವ ಮುಖ ನನಗಿಲ್ಲ. ಬೈದು ಶುರು ಮಾಡುವ ಹಕ್ಕೂ ಈಗ ಉಳಿದಿಲ್ಲ. ಹಾಗಾಗಿ ನೇರ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೇಲೆ ದೂರು ಬರೆದವಳು ನಾನು, ಪಿಟೀಲಿನ ಅಮ್ಮ. ಹುಟ್ಟಿದ ಮೂರು ತಿಂಗಳು ಸಂಜೆಯಾದರೆ ಸಾಕು, ಒಂದೇ ಶ್ರುತಿಯಲ್ಲಿ ಕುಯ್ಯೋ ಎನ್ನುತ್ತಿದ್ದಳೆಂದು ಅವಳ ಅಜ್ಜಿ ಇಟ್ಟ ಹೆಸರು ಅದು. ಹಾಜರಿ ಪುಸ್ತಕದಲ್ಲಿರುವ ಹೆಸರಿಗಿಂತ ಆ ಹೆಸರಿಗೇ ಅವಳು ಬೇಗ ಓಗೊಡುತ್ತಾಳೆ ಎಂದು ನೀವೇ ಒಮ್ಮೆ ನಕ್ಕಿದ್ದಿರಿ.

ನನ್ನ ಒಂದೂವರೆ ಪುಟದ ದೂರಿನಿಂದಾಗಿ ಮೂವತ್ತನಾಲ್ಕು ಮಕ್ಕಳ ನೋಟ್‌ಬುಕ್ಕುಗಳು ಹೆಡ್‌ಮಿಸ್ಟ್ರೆಸ್, ಅಂದರೆ ಮಕ್ಕಳ ದೊಡ್ಡ ಮಿಸ್ಸಿನ, ಕೋಣೆ ಸೇರಿವೆ. ಸೋಮವಾರದಿಂದ ನಿಮ್ಮ ತರಗತಿಗೆ ಬೇರೆ ಟೀಚರ್ ಬರುತ್ತಾರಂತೆ. ನಿಮ್ಮದು ತಾತ್ಕಾಲಿಕ ನೌಕರಿ, ತೆಗೆಯಲು ಒಂದು ಸಹಿ ಸಾಕು ಎಂಬುದು ನನಗೆ ಮೊನ್ನೆ ಶುಕ್ರವಾರವಷ್ಟೇ ಗೊತ್ತಾಯಿತು. ಹದಿನೇಳು ವರ್ಷದಿಂದ ಕಾರ್ಮಿಕರ ಸಂಘದಲ್ಲಿರುವವಳು ನಾನು. ಒಬ್ಬ ಕೆಲಸಗಾರ್ತಿಯ ಹೊಟ್ಟೆಯ ಮೇಲೆ ನಾನೇ ಹೊಡೆದೆ. ಆ ದೂರಿನಲ್ಲಿ ಬರೆಯದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಶುರುವಾದ ಎರಡನೇ ವಾರ ಪಿಟೀಲು ಕಂದು ರಟ್ಟಿನ ಒಂದು ನೋಟ್‌ಬುಕ್ ತಂದಳು. ಮೇಲೆ ದೊಡ್ಡಕ್ಷರದಲ್ಲಿ 'ನಾನು' ಎಂದಿತ್ತು. ಶುಕ್ರವಾರದ ಕೊನೆಯ ಪೀರಿಯಡ್ಡಿನಲ್ಲಿ ಟೀಚರ್ ಒಂದು ಪ್ರಶ್ನೆ ಕೊಡುತ್ತಾರೆ, ನಾವು ಉತ್ತರ ಬರೆಯಬೇಕು, ಅದಕ್ಕೆ ಮಾರ್ಕ್ಸ್ ಇಲ್ಲ ಅಂದಳು. ಮಾರ್ಕ್ಸ್ ಇಲ್ಲ ಎಂದಾಗಲೇ ನನ್ನ ಕಿವಿ ನೆಟ್ಟಗಾಯಿತು. ಪ್ರಶ್ನೆ ನೋಡಿದೆ: 'ಯಾರೂ ನೋಡದಿದ್ದಾಗ ನೀನು ಹೇಗಿರುತ್ತೀಯ?' ಎಂಟು ವರ್ಷದ ಮಗುವಿಗೆ ಪೊಲೀಸರು ಕೇಳುವ ಪ್ರಶ್ನೆ! ಯಾರೂ ನೋಡದಿದ್ದಾಗ ನಮ್ಮ ಮನೆ ಹೇಗಿರುತ್ತದೆ ಎಂದು ತಿಳಿದು ಈ ಶಾಲೆಗೆ ಏನಾಗಬೇಕಿದೆ?

ನನ್ನ ಅನುಮಾನ ಗಾಳಿಯಿಂದ ಹುಟ್ಟಿದ್ದಲ್ಲ. ನಾನು ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುವವಳು, ದಿನಕ್ಕೆ ನಾನೂರು ಬೆಡ್‌ಶೀಟ್ ಮಡಚುತ್ತೇನೆ. ಆರು ವರ್ಷದ ಹಿಂದೆ ಅಲ್ಲಿಗೆ ಒಂದು ಪೆಟ್ಟಿಗೆ ಬಂತು. ಹೆಸರು ಬರೆಯಬೇಡಿ, ಮನಸ್ಸು ಬಿಚ್ಚಿ ಬರೆಯಿರಿ, ನಿಮ್ಮ ಒಳಗಿನ ಮಾತು ನಮಗೆ ಬೇಕು ಎಂದರು ಸೂಪರ್‌ವೈಸರ್. ಅಷ್ಟು ಅಕ್ಕರೆಯಿಂದ ಅವರು ಅದುವರೆಗೆ ಮಾತಾಡಿಯೇ ಇರಲಿಲ್ಲ. ನನ್ನ ಪಕ್ಕದ ಮೇಜಿನ ಅಕ್ಕ ನಂಬಿ ಬರೆದಳು. 'ಳ' ಬರೆಯುವಾಗ ಬಾಲವನ್ನು ಉದ್ದಕ್ಕೆ ಎಳೆಯುವುದು ಅವಳ ಅಭ್ಯಾಸ. ಆ ಬಾಲ ಹಿಡಿದೇ ಅವಳನ್ನು ಪತ್ತೆ ಹಚ್ಚಿ ಬಾಯ್ಲರ್ ಕೋಣೆಗೆ ತಳ್ಳಿದರು. ಅಂದಿನಿಂದ ಯಾರಾದರೂ 'ನಿಮ್ಮ ಮನಸ್ಸಿನಲ್ಲೇನಿದೆ ಹೇಳಿ' ಅಂದರೆ ನಾನು ಮೊದಲು ಅವರ ಕೈಯಲ್ಲೇನಿದೆ ನೋಡುತ್ತೇನೆ.

ಅದಕ್ಕೂ ಹಿಂದಿನ ಒಂದು ಗಾಯವಿದೆ. ನಾನೂ ಮೂರನೇ ತರಗತಿಯಲ್ಲಿದ್ದಾಗ ಮೇಷ್ಟ್ರು ಒಬ್ಬೊಬ್ಬರನ್ನೇ ನಿಲ್ಲಿಸಿ 'ನೀನು ಯಾರು, ಹೇಳು' ಅಂದಿದ್ದರು. 'ನಾನು ಓಟದಲ್ಲಿ ಫಸ್ಟ್ ಬಂದವಳು ಸಾರ್' ಅಂದೆ. 'ಅಲ್ಲ, ಗುಡಿಸೋಳ ಮಗಳು. ಪೊರಕೆ ಎಲ್ಲಿರುತ್ತೆ ಗೊತ್ತಲ್ಲ?' ಅಂದರು. ತರಗತಿ ನಕ್ಕಿತು. ಹೊರಗೆ ಜಗಲಿ ಗುಡಿಸುತ್ತಿದ್ದ ನನ್ನ ಅಮ್ಮನ ಪೊರಕೆಯ ಸದ್ದು ನಿಂತುಹೋಯಿತು. ಮಾರನೆಯ ದಿನದಿಂದ ತರಗತಿ ಗುಡಿಸುವ ಸರದಿ ನನ್ನೊಬ್ಬಳದೇ ಆಯಿತು. ಮುಂದೆ ಸಂಘಕ್ಕೆ ಬಂದಾಗ, ನೂರು ಹೆಂಗಸರ ನಡುವೆ ನಿಂತು 'ನಾವು' ಎಂದು ಕೂಗಿದಾಗ ನನ್ನ ಬೆನ್ನುಮೂಳೆ ನೆಟ್ಟಗಾದದ್ದು. ಆ ಒಂದು ಪದ ನನಗೆ ಮನೆ ಕಟ್ಟಿಕೊಟ್ಟಿತು. 'ನಾನು' ಎಂಬುದು ಒಬ್ಬಳನ್ನೇ ನಿಲ್ಲಿಸಿ ನಗುವವರ ಪದವಾಗಿ ಉಳಿಯಿತು.

ಅದಕ್ಕೇ ನಿಮ್ಮ ತರಗತಿಗೆ ಬಂದು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಗಲ್ಲಕ್ಕೆ ತಾಗುವಂತೆ ಕೂತು, ಪೊಲೀಸಿನವಳ ಹಾಗೆ ಕೇಳಿದ್ದೆ: ಈ ಪುಸ್ತಕ ಎಲ್ಲಿಡುತ್ತೀರಿ, ಬೀರುವಿನ ಬೀಗದ ಕೈ ಯಾರ ಹತ್ತಿರ, ಯಾರು ಓದುತ್ತಾರೆ. ನೀವು ಸೀಮೆಸುಣ್ಣ ಹತ್ತಿದ ಗಡಿಯಾರದ ಪಟ್ಟಿ ಒರೆಸಿಕೊಳ್ಳುತ್ತಾ ಹೇಳಿದಿರಿ: 'ಬೀಗ ಇಲ್ಲ ಅಮ್ಮಾ. ಪುಸ್ತಕ ಮಕ್ಕಳ ಬ್ಯಾಗಲ್ಲೇ ಇರುತ್ತೆ. ತೋರಿಸಿದ್ರೆ ಓದ್ತೀನಿ, ತಿದ್ದಲ್ಲ. ಹಾಳೆ ಮಡಚಿದ್ರೆ ಓದೋದೂ ಇಲ್ಲ. ಮಡಚಿದ್ದು ಮಗೂದು.' ನಾನು ಜೋರಾಗಿ ನಕ್ಕೆ. 'ಬೀಗಕ್ಕೇ ಮರ್ಯಾದೆ ಇಲ್ಲದ ಕಾಲ ಇದು, ಮಡಿಕೆಗೆ ಯಾರು ಕೊಡ್ತಾರೆ ಟೀಚರ್?' ಅಂದೆ. ನೀವು ಎದ್ದು ಬೋರ್ಡು ಒರೆಸತೊಡಗಿದಿರಿ. ಉತ್ತರ ಕೊಡದವರನ್ನು ನಾನು ಇನ್ನಷ್ಟು ಅನುಮಾನಿಸುತ್ತೇನೆ.

ಪ್ರತಿ ಶುಕ್ರವಾರ ಪಿಟೀಲು ಕೈಕಾಲು ತೊಳೆಯಲು ಹೋದಾಗ ಆ ಪುಸ್ತಕ ತೆಗೆದು ಓದಿದೆ. ಮೊದಮೊದಲು ಏನೂ ಇರಲಿಲ್ಲ. 'ನಾನು ಬೇಗ ಕೋಪ ಮಾಡುತ್ತೇನೆ, ನಿಧಾನ ಮರೆಯುತ್ತೇನೆ.' 'ನನಗೆ ಗೆಲ್ಲುವುದಕ್ಕಿಂತ ಎಣಿಸುವುದು ಇಷ್ಟ.' ಇದನ್ನೆಲ್ಲ ಎಲ್ಲಿಂದ ತಂದಳು, ಯಾರು ಹೇಳಿಕೊಟ್ಟರು ಎಂದು ಸಾಲುಸಾಲೂ ಕೆದಕಿದೆ. ನನ್ನ ಮಗಳೇ ಯೋಚಿಸಿ ಬರೆದಿರಬಹುದು ಎಂಬ ಒಂದು ಅನುಮಾನ ಮಾತ್ರ ನನಗೆ ಬರಲಿಲ್ಲ.

ಆಮೇಲೆ ಗೇಟಿನ ಜಗಳವಾಯಿತು. ತಡವಾಗಿ ಬಂದ ಮಕ್ಕಳಲ್ಲಿ ಕಾರಿನಿಂದ ಇಳಿದವರನ್ನು ಒಳಗೆ ಬಿಟ್ಟು, ನಡೆದು ಬಂದವರನ್ನು ಬಿಸಿಲಲ್ಲಿ ನಿಲ್ಲಿಸಿದ್ದ ಕಾವಲಿನವನ ಗ್ರಹಚಾರ ಬಿಡಿಸಿದೆ. ಮಕ್ಕಳೆಲ್ಲ ಒಳಗೆ ಹೋದರು, ಗೆದ್ದೆ. ಆ ವಾರ ನಿಮ್ಮ ಪ್ರಶ್ನೆ 'ಯಾವಾಗ ನೀನು ನಿನ್ನ ಹಾಗೆ ಇರಲಿಲ್ಲ?' ಎಂದಿತ್ತು. ಪುಸ್ತಕ ತೆಗೆದರೆ ಹಾಳೆ ಉದ್ದಕ್ಕೆ, ಅಂಚಿಗೆ ಅಂಚು ಕೂಡಿಸಿ ಮಡಚಿತ್ತು. ನಾನು ಬೆಡ್‌ಶೀಟ್ ಮಡಚುವ ಹಾಗೆಯೇ. ನೋಡಿ ಕಲಿತಿದ್ದಾಳೆ. ನಮ್ಮ ಲಾಂಡ್ರಿಯಲ್ಲೂ ಮೂಲೆಯನ್ನು ಒಳಕ್ಕೆ ಮಡಚಿ ಕಟ್ಟಿದ ಗಂಟನ್ನು ಯಾರೂ ಬರಿಗೈಯಲ್ಲಿ ಬಿಚ್ಚುವುದಿಲ್ಲ, ಒಳಗೆ ರೋಗಿಯ ರಕ್ತವಿರುತ್ತದೆ. ಅದನ್ನು ಹೊಸಬರಿಗೆ ಹೇಳಿಕೊಡುವವಳು ನಾನೇ. ಆದರೂ ಬಿಚ್ಚಿದೆ.

'ಅಮ್ಮ ಗೇಟಿನ ಹತ್ತಿರ ಜಗಳ ಆಡಿದಳು. ಆಗ ನಾನು ಬೇರೆಯವರ ಮಗಳ ಥರ ಬೇಲಿ ನೋಡುತ್ತಾ ನಿಂತೆ. ಅಮ್ಮ ಹೇಳಿದ್ದು ಸರಿ. ಆದರೂ ನನಗೆ ಹೆದರಿಕೆ ಆಯಿತು. ನಾನು ಅಮ್ಮನ ಥರ ಇಲ್ಲ. ಯಾರ ಥರ ಅಂತ ಗೊತ್ತಿಲ್ಲ.'

ಟೀಚರ್, ಕೊನೆಯ ಎರಡು ಸಾಲನ್ನು ಮತ್ತೆ ಮತ್ತೆ ಓದಿದೆ. ನಮ್ಮ ಮಕ್ಕಳಿಗೆ ನಮ್ಮನ್ನು ಕಂಡರೆ ನಾಚಿಕೆಯಾಗುವಂತೆ ಪಾಠ ಮಾಡುತ್ತಿದ್ದಾರೆ, ಇದೇ ಇವರ ಗುಟ್ಟು ಎಂದುಕೊಂಡೆ. ಸಂಘದ ಕರಪತ್ರ ತಿದ್ದುವ ಹಸಿರು ಪೆನ್ನು ತೆಗೆದೆ. 'ನಾನು' ಇದ್ದಲ್ಲೆಲ್ಲ ಹೊಡೆದುಹಾಕಿ 'ನಾವು' ಬರೆದೆ. 'ಹೆದರಿಕೆ ಆಯಿತು' ಎಂಬುದನ್ನು 'ಹೆದರುವುದಿಲ್ಲ' ಮಾಡಿದೆ. ಕೊನೆಯ ಎರಡು ಸಾಲಿಗೆ ಅಡ್ಡಗೀಟು ಎಳೆದು 'ನಾವೆಲ್ಲ ಒಂದೇ' ಎಂದು ಬರೆದೆ. ಪಿಟೀಲು ಬಂದು ನೋಡಿದಳು. ಪುಸ್ತಕ ಬ್ಯಾಗಿಗೆ ಹಾಕಿ ಊಟಕ್ಕೆ ಕೂತಳು, ಬಡಿಸಿದ್ದನ್ನೆಲ್ಲ ತಿಂದಳು. ತಿಂದಳಲ್ಲ, ಒಪ್ಪಿದ್ದಾಳೆ ಅಂದುಕೊಂಡೆ.

ಮುಂದಿನ ವಾರಗಳಲ್ಲಿ ಒಂದು ಹಾಳೆಯೂ ಮಡಚಿರಲಿಲ್ಲ. 'ನಿನಗೆ ಇಷ್ಟವಾದ ಶಬ್ದ ಯಾವುದು?' 'ನಮಗೆ ಎಲ್ಲ ಶಬ್ದಗಳೂ ಇಷ್ಟ.' 'ಒಬ್ಬಳೇ ಇದ್ದಾಗ ಏನು ಮಾಡುತ್ತೀಯ?' 'ನಾವು ಒಬ್ಬಳೇ ಇರುವುದಿಲ್ಲ.' ಓದಿ ಎದೆ ಉಬ್ಬಿತು. ವ್ಯಾಕರಣ ತಪ್ಪಿದ್ದು ಕಂಡಿತು. ಬೇರೇನೂ ಕಾಣಲಿಲ್ಲ.

ನೀವು ನನ್ನನ್ನು ಕರೆಸಿದಿರಿ. ಅದೇ ಪುಟ್ಟ ಬೆಂಚು. 'ನಾವು ಅಂದ್ರೆ ಯಾರು ಪುಟ್ಟಾ ಅಂತ ಕೇಳ್ದೆ' ಅಂದಿರಿ. 'ನಾವು ಅಂದ್ರೆ ಅಮ್ಮ ಅಂದ್ಳು.' ನಿಮ್ಮ ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಸಿಗದಿದ್ದಾಗ, ಬಚ್ಚಿಟ್ಟಿದ್ದಾರೆ ಎಂದುಕೊಂಡೆ. ಸಂಘವನ್ನು ಆಡಿಕೊಳ್ಳುತ್ತಿದ್ದೀರಿ ಎಂದು ಕೂಗಾಡಿ ಎದ್ದು ಬಂದೆ. ಆ ಸಂಜೆಯೇ ದೂರು ಬರೆದೆ. 'ಮಕ್ಕಳ ಮನಸ್ಸಿನೊಳಗೆ ಇಣುಕುವ ಸಂಚು' ಅಂತ ತಲೆಬರಹ ಬೇರೆ! ಹದಿನೇಳು ವರ್ಷದ ಬರವಣಿಗೆಯ ಪಳಗಿದ ಕೈ. ಗುರಿ ತಪ್ಪಲಿಲ್ಲ.

ಶುಕ್ರವಾರ ದೊಡ್ಡ ಮಿಸ್ಸನ್ನು ಕಂಡೆ. 'ತುಂಬಾ ಚೆನ್ನಾಗಿ ಬರ್ದಿದೀರಿ, ಅದಕ್ಕೇ ತಕ್ಷಣ ಕ್ರಮ ತಗೊಂಡೆ. ಆಕೆ ತಾತ್ಕಾಲಿಕ, ಕಷ್ಟ ಏನಿಲ್ಲ. ಪುಸ್ತಕ ಎಲ್ಲಾ ಓದಿ ಒಂದು ವರದಿ ಮಾಡ್ತೀನಿ' ಅಂದರು. ನಗುತ್ತಿದ್ದರು. ಮೇಜಿನ ಮೇಲೆ ನಾಲ್ಕು ಪುಸ್ತಕ ತೆರೆದಿದ್ದವು. ಮಡಿಕೆ ಬಿಚ್ಚಿದ ಹಾಳೆ ಮತ್ತೆ ಮಡಚಿಕೊಳ್ಳದಂತೆ ಅದರ ಮೇಲೆ ಗಾಜಿನ ಗುಂಡು ಇಟ್ಟಿದ್ದರು. ಅದು ಯಾವ ಮಗುವಿನದೋ. ಯಾರೋ ಓದಿಬಿಡುತ್ತಾರೆ ಎಂದು ನಾನು ಹೆದರಿದ್ದೆನಲ್ಲ, ಆ 'ಯಾರೋ' ಎಂಬವರನ್ನು ನಾನೇ ಕೈಹಿಡಿದು ಕರೆತಂದು ಕುರ್ಚಿ ಹಾಕಿ ಕೂರಿಸಿದ್ದೆ.

ಮನೆಗೆ ಬರುವ ದಾರಿಯಲ್ಲಿ ಪಿಟೀಲು ಕೇಳಿದಳು: 'ದೊಡ್ಡ ಮಿಸ್ ಮಡಚಿದ್ದನ್ನೂ ಓದ್ತಾರಾ ಅಮ್ಮಾ?' ನಾನು ನಡಿಗೆ ಜೋರು ಮಾಡಿದೆ. 'ನನ್ನ ಪಕ್ಕ ಕೂರೋಳು ಅವರಪ್ಪನ ವಿಷಯ ಬರ್ದಿದಾಳೆ. ನಾಲ್ಕು ಸಲ ಮಡಚಿದಾಳೆ.' ಸ್ವಲ್ಪ ದೂರ ಹೋದ ಮೇಲೆ ನನ್ನ ಕೈ ಬಿಟ್ಟು ಹೇಳಿದಳು: 'ನಂದು ಓದಿದ್ರೂ ಪರವಾಗಿಲ್ಲ. ಅದರಲ್ಲಿ ನಾನು ಇಲ್ಲ.'

ಮನೆಯಲ್ಲಿ ನನ್ನ ಅಮ್ಮನ ಮುಂದೆ ಎಲ್ಲ ಕಕ್ಕಿದೆ. ನಲವತ್ತು ವರ್ಷ ಶಾಲೆ ಗುಡಿಸಿದವಳು, ಮಾತು ಕಡಿಮೆ. 'ಆ ಮೇಷ್ಟ್ರು ನಿನ್ನ ಮಾತು ತಿದ್ದಿದ ದಿನ ನೀನು ಊಟ ಬಿಟ್ಟಿದ್ದೆ, ಅದಕ್ಕೇ ನನಗೆ ಗೊತ್ತಾಯ್ತು. ಇವಳು ಉಂಡ್ಕೊಂಡೇ ನುಂಗ್ಕೊಂಡಿದಾಳೆ, ಎಲ್ಲಿ ಗೊತ್ತಾಗುತ್ತೆ ನಿನಗೆ?' ಅಂದಳು. ಉರಿದುಹೋಯಿತು. ನಾನೂ ಆ ಮೇಷ್ಟ್ರೂ ಒಂದೇನಾ ಎಂದು ಹಾರಾಡಿದೆ. 'ಅವನ ಹತ್ರ ಪೊರಕೆ ಇತ್ತು, ನಿನ್ನ ಹತ್ರ ಪೆನ್ನಿದೆ' ಅಂದು ಬಟಾಣಿ ಸುಲಿಯತೊಡಗಿದಳು. ಆಮೇಲೆ ತಲೆಯೆತ್ತದೆ ಇನ್ನೊಂದು ಏಟು ಕೊಟ್ಟಳು: 'ಊರಿಗೆಲ್ಲ ಕರಪತ್ರ ಬರೀತೀಯಲ್ಲ ಮಹಾತಾಯಿ, ಮಗು ಬರೆದ ಹಾಗೆ ನಿನ್ನ ಬಗ್ಗೆ ಒಂದು ಸಾಲು ಬರಿ ನೋಡೋಣ.'

ಇವತ್ತು ಭಾನುವಾರ, ಬೆಳಗಿನಿಂದ ಕೂತಿದ್ದೇನೆ. ನಿಮ್ಮ ಆ ಪ್ರಶ್ನೆಯನ್ನೇ ಎದುರಿಗಿಟ್ಟುಕೊಂಡೆ. ಯಾವಾಗ ನೀನು ನಿನ್ನ ಹಾಗೆ ಇರಲಿಲ್ಲ? ಕೈ ತಾನಾಗಿ 'ನಾವು' ಎಂದು ಬರೆಯಿತು. ಹೊಡೆದೆ. ಮತ್ತೆ 'ನಾವು'. ಏಳು ಹಾಳೆ ಹಾಳಾದವು. ಪಿಟೀಲು ಬಾಗಿಲಲ್ಲಿ ನಿಂತು ನೋಡಿ, 'ಮೊದಲು ಕಷ್ಟ ಅಮ್ಮಾ, ಆಮೇಲೆ ಬರುತ್ತೆ' ಅಂದು ಹೋದಳು. ಎಂಟು ವರ್ಷದವಳು ನನಗೆ ಹೇಳುತ್ತಾಳೆ. ಎಂಟನೇ ಹಾಳೆಯಲ್ಲಿ ಬಂತು. ಏನು ಬಂತು ಎಂದು ನಿಮಗೆ ಹೇಳುವುದಿಲ್ಲ. ಮಡಚಿ ಅವಳ ದಿಂಬಿನ ಕೆಳಗಿಟ್ಟಿದ್ದೇನೆ. ಅವಳು ಓದಿದರೆ ಓದಲಿ.

ನಾಳೆ ಮೊದಲ ಗಂಟೆಗೆ ಮುಂಚೆ ದೊಡ್ಡ ಮಿಸ್ಸಿನ ಬಾಗಿಲಲ್ಲಿರುತ್ತೇನೆ. ಲಾಂಡ್ರಿಯ ಅಕ್ಕತಂಗಿಯರೆಲ್ಲ ಬರುತ್ತೇವೆ ಅಂದರು, ಬೇಡ ಅಂದೆ. ಯಾವ ಕಚೇರಿಯ ಬಾಗಿಲಿಗೂ ನಾನು ಒಬ್ಬಳೇ ಹೋದವಳಲ್ಲ. ಈಗಲೇ ನನಗೆ ಹೆದರಿಕೆ ಆಗುತ್ತಿದೆ, ಬರೆಯಲು ನಾಚಿಕೆಯಿಲ್ಲ. 'ನಾನು ತಪ್ಪು ಬರೆದೆ, ದೂರು ವಾಪಸ್ ಕೊಡಿ, ಮಕ್ಕಳ ಪುಸ್ತಕ ಮಕ್ಕಳಿಗೆ ಕೊಡಿ, ಟೀಚರ್‌ಗೆ ತರಗತಿ ಕೊಡಿ' ಎನ್ನುತ್ತೇನೆ. ಕೊಡುವವರೆಗೆ ಏಳುವುದಿಲ್ಲ. ಕೂರುವುದರಲ್ಲಿ ನನಗೆ ಹದಿನೇಳು ವರ್ಷದ ಅನುಭವವಿದೆ. ಪಿಟೀಲು ನನ್ನ ಪಕ್ಕ ನಿಲ್ಲುತ್ತಾಳೋ, ಬೇರೆಯವರ ಮಗಳ ಥರ ಬೇಲಿ ನೋಡುತ್ತಾಳೋ, ಅದು ಅವಳಿಗೆ ಬಿಟ್ಟದ್ದು.

ಹೀಗೆಂದು ನಿಮ್ಮನ್ನು ಪೂರ್ತಿ ನಂಬಿಬಿಟ್ಟೆ ಎಂದುಕೊಳ್ಳಬೇಡಿ. ಮಗುವಿಗೆ 'ನೀನು ಯಾರು' ಎಂದು ಕೇಳುವ ಯಾರನ್ನಾದರೂ ನಾನು ಅನುಮಾನಿಸಿಯೇ ತೀರುತ್ತೇನೆ. ನಿಮ್ಮ ಮೇಲೆ ಒಂದು ಕಣ್ಣಿಟ್ಟಿರುತ್ತೇನೆ. ಇನ್ನೊಂದು ಕಣ್ಣು ಇನ್ನು ಮೇಲೆ ನನ್ನ ಹಸಿರು ಪೆನ್ನಿನ ಮೇಲಿರುತ್ತದೆ.

ಈ ಕಾಗದಕ್ಕಾಗಿ ದೊಡ್ಡ ಲಕೋಟೆ ಹುಡುಕಿ ತಂದೆ. ಎಲ್ಲೂ ಮಡಚಿಲ್ಲ, ನೀವು ಓದಬಹುದು.

ಸೀಮೆಸುಣ್ಣ ನಿಮ್ಮ ಕೈಗೆ ವಾಪಸ್ ಬರಲಿ.

ಇಂತಿ,
ನಾನು