ನಿಮ್ಮ ಸ್ಪೀಕರಿನಲ್ಲಿ ಕೂಗಿದವಳು ನಾನೇ

ಮೈದಾನದ ಮಾನ್ಯ ಆಡಳಿತಾಧಿಕಾರಿಗಳೇ,

ಕಳೆದ ಶನಿವಾರದ ಪಂದ್ಯದ ಎಪ್ಪತ್ತೆಂಟನೆಯ ನಿಮಿಷದಲ್ಲಿ ಚೆಂಡು ಬಲಗಡೆಯಿಂದ ಬರುತ್ತಿದ್ದಾಗ ನಮ್ಮ ಕ್ಲಬ್ಬಿನ ಗೋಲ್‌ಕೀಪರ್ ಎಡಗಡೆಗೆ ಯಾಕೆ ಹಾರಿದ ಎಂದು ನೀವು ನೋಟಿಸಿನಲ್ಲಿ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ. ಆದರೆ ಉತ್ತರಕ್ಕೆ ಕಾಯದೆ ಅದೇ ಕಾಗದದ ಕೆಳಗೆ, "ಉದ್ದೇಶಪೂರ್ವಕವಾಗಿ ಗೋಲು ಬಿಟ್ಟುಕೊಟ್ಟಿರುವ ಬಗ್ಗೆ ಬಲವಾದ ಅನುಮಾನವಿದೆ" ಎಂದೂ ಬರೆಸಿದ್ದೀರಿ. ಶುಕ್ರವಾರ ವಿಚಾರಣೆ ಎಂದಿದ್ದೀರಿ. ತಪ್ಪು ಸಾಬೀತಾದರೆ ಭಾನುವಾರದ ಕೊನೆಯ ಪಂದ್ಯವೂ ಇಲ್ಲ, ಮುಂದೆ ಯಾವ ಪಂದ್ಯವೂ ಇಲ್ಲ ಎಂದಿದ್ದೀರಿ.

ಆ ಗೋಲ್‌ಕೀಪರ್ ನನ್ನ ತಮ್ಮ. ಅವನಿಗೆ ಎಡಕ್ಕೆ ಹಾರು ಎಂದು ಕೂಗಿದವಳು ನಾನು. ಅದೇ ಗಳಿಗೆಯಲ್ಲಿ ನೀವು ಕೊಟ್ಟ ನಾನೂರ ಹನ್ನೆರಡನೇ ನಂಬರಿನ ಕುರ್ಚಿಯಲ್ಲಿ ತುಟಿ ಎರಡು ಮಾಡದೆ ಕೂತಿದ್ದವಳೂ ನಾನೇ. ಎರಡೂ ನಿಜ. ಇದು ಹೇಗೆ ಸಾಧ್ಯ ಎಂದು ತಿಳಿಯಲು ನೀವು ಸ್ವಲ್ಪ ಹೊತ್ತು ನನ್ನ ಕಥೆ ಕೇಳಬೇಕಾಗುತ್ತದೆ.

ನಮ್ಮಜ್ಜಿ ಕಥೆ ಹೇಳುವಾಗ ಯಾರಾದರೂ ಹೂಂಗುಡಬೇಕಿತ್ತು. ಹೂಂ ಬರದಿದ್ದರೆ ರಾಜಕುಮಾರ ಕಾಡಿನ ನಡುವೆ ಕುದುರೆ ಮೇಲೆ ಹಾಗೇ ನಿಂತುಬಿಡುತ್ತಿದ್ದ. ನನ್ನ ತಮ್ಮ ಚಿಕ್ಕವನಿದ್ದಾಗ ನಿದ್ದೆಯಲ್ಲೇ ಹೂಂ, ಹೂಂ ಅನ್ನುವುದನ್ನು ಕಲಿತುಬಿಟ್ಟ. ಅಜ್ಜಿಗೆ ಗೊತ್ತಾಗದೆ ಇರುತ್ತದೆಯೇ? ಅದೇ ರಾಗದಲ್ಲಿ, "ಆಮೇಲೆ ರಾಜಕುಮಾರ ನದಿ ದಾಟಿದ" ಅನ್ನುವಳು. "ಹೂಂ." "ನದಿ ದಾಟಿ ಬೆಟ್ಟ ಹತ್ತಿದ." "ಹೂಂ." "ನಾಳೆ ನಿನ್ನ ಪಾಲಿನ ತಿಂಡಿ ಬೆಕ್ಕಿಗೆ ಹಾಕ್ಲಾ?" "ಹೂಂ." ಮರುದಿನ ತಿಂಡಿ ನಿಜಕ್ಕೂ ಬೆಕ್ಕಿಗೇ ಹೋಗುತ್ತಿತ್ತು. ಕೇಳದೆ ಹೂಂ ಅನ್ನುವವನಿಗಿಂತ ಸುಮ್ಮನೆ ನಿದ್ದೆ ಮಾಡುವವನು ವಾಸಿ ಎಂಬುದು ಅಜ್ಜಿಯ ತೀರ್ಪು. ಮಾನ್ಯರೇ, ಈ ಬೆಕ್ಕಿನ ವಿಷಯ ದಯವಿಟ್ಟು ನೆನಪಿಟ್ಟುಕೊಳ್ಳಿ.

ಹೋದ ವರ್ಷದವರೆಗೆ ನಮ್ಮ ಮೈದಾನದ ಎರಡೂ ಗೋಲುಗಳ ಹಿಂದೆ ಸಿಮೆಂಟಿನ ಮೆಟ್ಟಿಲುಗಳಿದ್ದವು. ಅಲ್ಲಿ ಕುರ್ಚಿ ಇರಲಿಲ್ಲ, ನೆರಳಿರಲಿಲ್ಲ, ಗಂಟಲು ಇತ್ತು. ಸುಮಾರು ಮುನ್ನೂರು ಜನ ಅಲ್ಲಿ ನಿಲ್ಲುತ್ತಿದ್ದೆವು. ಬಟ್ಟೆ ಹೊಲಿಯುವ ನಾನು, ನಿವೃತ್ತ ಅಂಚೆಯವರು, ಬಸ್ ಡಿಪೋದ ಮೆಕ್ಯಾನಿಕ್ಕುಗಳು, ಒಬ್ಬ ದಂತವೈದ್ಯೆ, ಬಾಯಿಗೆ ಎರಡು ಬೆರಳಿಟ್ಟರೆ ಬೀದಿಯ ಆ ತುದಿಗೆ ಕೇಳಿಸುವಂತೆ ಸೀಟಿ ಹಾಕುತ್ತಿದ್ದ ಸೀಟಿ ತಾತ. ವಿರಾಮದಲ್ಲಿ ತಂಡಗಳು ಬದಿ ಬದಲಾಯಿಸಿದ ಹಾಗೆ ನಾವೂ ಬದಲಾಯಿಸುತ್ತಿದ್ದೆವು. ಚಹಾದ ಲೋಟ ಹಿಡಿದುಕೊಂಡೇ ಮೈದಾನ ಸುತ್ತಿ ಆ ಕಡೆಯ ಗೋಲಿನ ಹಿಂದೆ ಹೋಗಿ ನಿಲ್ಲುತ್ತಿದ್ದೆವು. ಮುನ್ನೂರು ಜನ ನಡೆದರೂ ಒಬ್ಬರ ಕಾಲು ಒಬ್ಬರು ತುಳಿದದ್ದಿಲ್ಲ. ನಿಮ್ಮ ಕಡತದಲ್ಲಿ ಇದರ ಹೆಸರು "ಪ್ರೇಕ್ಷಕರ ಅಶಿಸ್ತಿನ ಓಡಾಟ". ನಾವು ನಮ್ಮ ಕೀಪರನ ಬೆನ್ನ ಹಿಂದೆ ಹೋಗುತ್ತಿದ್ದೆವು, ಅಷ್ಟೇ.

ಯಾಕೆ ಹೋಗುತ್ತಿದ್ದೆವು ಎಂಬುದನ್ನು ಈ ತನಕ ಕ್ಲಬ್ಬಿನ ಕಚೇರಿಯಲ್ಲಿ ಯಾರೂ ಕೇಳಿಲ್ಲ. ಈಗ ನಾನಾಗಿಯೇ ಹೇಳುತ್ತೇನೆ.

ಮೂರು ವರ್ಷದ ಹಿಂದೆ ಅಭ್ಯಾಸದ ಹೊತ್ತಿನಲ್ಲಿ ನನ್ನ ತಮ್ಮನ ಎಡಗಣ್ಣಿಗೆ ಬೂಟಿನ ಏಟು ಬಿತ್ತು. ಗಾಯ ಮಾಯಿತು, ನೋಟ ಬರಲಿಲ್ಲ. ಎಡಗಡೆಯಿಂದ ಬರುವುದೆಲ್ಲ ಅವನಿಗೆ ನೆರಳು. ತುಂಬ ಹತ್ತಿರ ಬಂದಮೇಲೆ ಅದು ಮನುಷ್ಯ. ಹಗಲು ಬೇಕರಿಯಲ್ಲಿ ಬ್ರೆಡ್ ಸುಡುವವನಿಗೆ ಒಂದು ಕಣ್ಣು ಸಾಕು. ಗೋಲು ಕಾಯುವವನಿಗೆ ಸಾಲದು. ಅವನು ನನಗೊಬ್ಬಳಿಗೆ ಹೇಳಿದ. ನಾನು ದಂತವೈದ್ಯೆಗೆ ಮಾತ್ರ ಹೇಳಿದೆ. ಅವರು ಅಂಚೆಯವರಿಗೆ ಮಾತ್ರ ಹೇಳಿದರು. ಹೀಗೆ "ಮಾತ್ರ, ಮಾತ್ರ" ಎನ್ನುತ್ತ ಎರಡು ವಾರದಲ್ಲಿ ಅದು ಮುನ್ನೂರು ಜನರ ಗುಟ್ಟಾಯಿತು. ಅಲ್ಲಿಂದಾಚೆ ಒಂದು ಹೆಜ್ಜೆ ಹೋಗಲಿಲ್ಲ. ನಾಲ್ಕು ಜನರ ಮನೆಯಲ್ಲಿ ಗುಟ್ಟು ನಿಲ್ಲದ ಈ ಕಾಲದಲ್ಲಿ ಮುನ್ನೂರು ಜನ ಮೂರು ವರ್ಷ ಬಾಯಿ ಕಟ್ಟಿಕೊಂಡರು. ಇಂಥವರನ್ನು ನೀವು ಗಲಾಟೆಯವರು ಎನ್ನುತ್ತೀರಿ.

ವರ್ಷಕ್ಕೊಮ್ಮೆ ಕ್ಲಬ್ಬಿನ ವೈದ್ಯರು ಅವನಿಗೆ ಗೋಡೆಯ ಮೇಲಿನ ಅಕ್ಷರ ಓದಿಸುತ್ತಾರೆ. ಪ್ರತಿವರ್ಷವೂ ಅದೇ ಫಲಕ. ಅವನು ಬಾಯಿಪಾಠ ಮಾಡಿಕೊಂಡಿದ್ದಾನೆ. ಇದು ಮೋಸ. ನಾನು ಇದಕ್ಕೆ ಬಣ್ಣ ಹಚ್ಚಲಾರೆ. ಈ ತಪ್ಪಿಗೆ ನೀವು ಏನು ಹೇಳಿದರೂ ಅವನು ತಲೆಬಾಗಿ ಕೇಳುತ್ತಾನೆ. ಆದರೆ ನೀವು ಹೊರಿಸಿರುವುದು ಬೇರೆ ತಪ್ಪನ್ನು.

ನಾವು ಮಾಡುತ್ತಿದ್ದುದಿಷ್ಟು. ಗೋಲಿನ ಹಿಂದೆ ನಿಂತರೆ ಅವನ ಎಡವೇ ನಮ್ಮ ಎಡ. ಅವನಿಗೆ ಕಾಣದ್ದು ನಮಗೆ ಕಾಣುತ್ತಿತ್ತು. ಆ ಕಡೆಯಿಂದ ಯಾರಾದರೂ ನುಗ್ಗಿದರೆ ನಾನು "ಬಾಗ್ಲು!" ಎಂದು ಕೂಗುತ್ತಿದ್ದೆ. ನಮ್ಮ ಅಡುಗೆಮನೆಯಲ್ಲಿ ಅವನು ಊಟಕ್ಕೆ ಕೂರುವ ಜಾಗದ ಎಡಕ್ಕೆ ಬಾಗಿಲಿದೆ. ಯಾರಾದರೂ ಬಂದರೆ ನಾನು ಒಲೆಯ ಹತ್ತಿರದಿಂದ "ಲೋ, ಬಾಗ್ಲು ನೋಡೋ" ಅನ್ನುವುದು ರೂಢಿ. ಮೊದಲನೇ ಸಲ ಮೈದಾನದಲ್ಲಿ ಗಾಬರಿಯಾಗಿ ಬಾಯಿಗೆ ಬಂದದ್ದು ಅದೇ. ಅವನು ಹಾರಿದ, ಚೆಂಡು ಸಿಕ್ಕಿತು. ಮುಂದಿನ ಪಂದ್ಯಕ್ಕೆ ನನ್ನ ಹಿಂದೆ ಮುನ್ನೂರು ಜನ ಅದೇ ಕೂಗಿದರು. ಎದುರು ತಂಡದವರು ಇದೇನೋ ವಿಚಿತ್ರ ಘೋಷಣೆ ಎಂದುಕೊಂಡು ನಗುತ್ತಿದ್ದರು. ನಕ್ಕುಕೊಂಡೇ ಸೋತು ಹೋಗುತ್ತಿದ್ದರು.

ಈ ವರ್ಷ ನೀವು ಬಂದಿರಿ. ಮೆಟ್ಟಿಲುಗಳನ್ನು ಮುಚ್ಚಿ ಅವುಗಳ ಮುಂದೆ ಟೂತ್‌ಪೇಸ್ಟಿನ ಜಾಹೀರಾತು ಫಲಕ ನಿಲ್ಲಿಸಿದಿರಿ. ಅದರಲ್ಲೊಬ್ಬ ಬಾಯಿ ಅಗಲಿಸಿ ನಗುತ್ತಿದ್ದಾನೆ. ಈಗ ಇಡೀ ಮೈದಾನದಲ್ಲಿ ತೆರೆದಿರುವ ಬಾಯಿ ಅದೊಂದೇ. ನಮ್ಮನ್ನು ಪಕ್ಕದ ಗ್ಯಾಲರಿಗಳಲ್ಲಿ ಚೀಟಿ ಹಂಚಿದ ಹಾಗೆ ಹಂಚಿ, ನಂಬರಿನ ಕುರ್ಚಿಗಳಲ್ಲಿ ಕೂರಿಸಿದಿರಿ. ಎದ್ದರೆ ಹಳದಿ ಕೋಟಿನವರು ಬರುತ್ತಾರೆ. "ಮೇಡಂ, ಕೂತ್ಕೊಳ್ಳಿ, ಹಿಂದಿನವ್ರಿಗೆ ಕಾಣಲ್ಲ." ಹಿಂದೆ ತಿರುಗಿ ನೋಡಿದರೆ ಆರು ಸಾಲು ಖಾಲಿ. "ಯಾವ ಹಿಂದಿನವ್ರಪ್ಪಾ?" ಎಂದು ಕೇಳಿದೆ. "ಬಂದ್ರೆ ಕಾಣಲ್ಲ ಮೇಡಂ" ಅಂದರು.

ಹೀಗೆ ಕೂರಿಸಿ, ಬಾಯಿ ಮುಚ್ಚಿಸಿ, ಮೂರು ತಿಂಗಳಾದಮೇಲೆ ನೀವೇ ಒಂದು ಸುತ್ತೋಲೆ ಹೊರಡಿಸಿದಿರಿ: "ತವರು ಪಂದ್ಯಗಳಲ್ಲಿ ಪ್ರೇಕ್ಷಕರ ಉತ್ಸಾಹ ಕಳವಳಕಾರಿಯಾಗಿ ಕುಸಿದಿದೆ." ನಾನು ಅದನ್ನು ಹೊಲಿಗೆ ಯಂತ್ರದ ಮೇಲಿಟ್ಟುಕೊಂಡು ಎರಡು ಸಲ ಓದಿದೆ. ಬಾಯಿಗೆ ಬಟ್ಟೆ ತುರುಕಿದವರೇ ಬಂದು ಯಾಕಮ್ಮ ಹಾಡುತ್ತಿಲ್ಲ ಎಂದು ಕೇಳಿದರೆ ಏನು ಹೇಳುವುದು? ಉತ್ಸಾಹ ಹೆಚ್ಚಿಸಲು ಸಮಿತಿ ಆಯಿತು. ಆ ಸಮಿತಿಯಲ್ಲಿ ನಮ್ಮ ಮೆಟ್ಟಿಲಿನವರು ಒಬ್ಬರಾದರೂ ಇದ್ದರೇ? ಮೆಟ್ಟಿಲು ತೆರೆಯಿರಿ ಎಂದು ನಾವು ಇನ್ನೂರ ಎಂಬತ್ತು ಸಹಿ ಹಾಕಿ ಕೊಟ್ಟ ಮನವಿಗೆ ಉತ್ತರ ಬಂತೇ? ಬಂದದ್ದು ಎಂಟು ಸ್ಪೀಕರುಗಳು. ಅವುಗಳಲ್ಲಿ ಧ್ವನಿಮುದ್ರಿತ ಹರ್ಷೋದ್ಗಾರ. ಜನ ಸುಮ್ಮನಿರಲಿ, ಯಂತ್ರ ಕೂಗಲಿ. ಮೊದಲ ದಿನ ನಮ್ಮ ಆಟಗಾರ ಕಾಲು ಹಿಡಿದುಕೊಂಡು ನೆಲದಲ್ಲಿ ನರಳುತ್ತಿದ್ದಾಗ ಎಂಟೂ ಸ್ಪೀಕರು ಜೈಕಾರ ಹಾಕಿದವು. ಬೆಕ್ಕಿನ ವಿಷಯ ನೆನಪಿದೆಯಲ್ಲ?

ಈಗ ಶನಿವಾರಕ್ಕೆ ಬರೋಣ. ಒಂದಕ್ಕೊಂದು ಸಮ. ಇನ್ನು ಹನ್ನೆರಡು ನಿಮಿಷ. ಎದುರಿನವನು ಬಲಗಡೆಯಿಂದ ಬರುತ್ತಿದ್ದ, ತಮ್ಮನ ಒಳ್ಳೆಯ ಕಣ್ಣಿನ ಕಡೆಯಿಂದ. ನಾನು ನಿಶ್ಚಿಂತೆಯಾಗಿದ್ದೆ. ಅಷ್ಟರಲ್ಲಿ ಅವನ ಬೆನ್ನ ಹಿಂದೆ, ಟೂತ್‌ಪೇಸ್ಟಿನ ಫಲಕದ ಹಿಂದಿನ ಸ್ಪೀಕರಿನಿಂದ ಗದ್ದಲ ಎದ್ದಿತು. ದೂರದಿಂದ ನನಗೆ ಅದು ಬರೀ ಸದ್ದು. ತಮ್ಮ ತಟ್ಟನೆ ಎಡಕ್ಕೆ ಹಾರಿದ. ಚೆಂಡು ಬಲಕ್ಕೆ, ಮಗು ಅಂಬೆಗಾಲಿಟ್ಟ ಹಾಗೆ, ಉರುಳಿಕೊಂಡು ಒಳಗೆ ಹೋಯಿತು. ಅವನು ನೆಲದ ಮೇಲೆ ಬಿದ್ದಲ್ಲೇ ಕತ್ತು ತಿರುಗಿಸಿ ಫಲಕದ ಕಡೆ ನೋಡಿದ. ಗೋಲು ಹೊಡೆಸಿಕೊಂಡವನು ಚೆಂಡು ನೋಡದೆ ಟೂತ್‌ಪೇಸ್ಟು ನೋಡಿದ್ದೂ ನಿಮಗೆ ಅನುಮಾನದ ಸಾಕ್ಷಿಯಾಗಿದೆ ಎಂಬ ಸುದ್ದಿ ನನ್ನ ಕಿವಿಗೆ ಬಿತ್ತು.

ಮನೆಗೆ ಬಂದವನು ಕೈಗವಸು ಬಿಚ್ಚಲಿಲ್ಲ. ಅಡುಗೆಮನೆಯಲ್ಲಿ ತನ್ನ ಜಾಗದಲ್ಲಿ ಕೂತ. ನಾನು ತಟ್ಟೆ ಇಟ್ಟೆ. ದೂಡಿದ.

"ಅಕ್ಕ, ಯಾಕೆ ಕೂಗ್ದೆ?"

"ಏನು ಕೂಗಿದೆ?"

"ಬಾಗ್ಲು ಅಂತ."

"ನಾನೆಲ್ಲಿ ಕೂಗ್ದೆನೋ? ಆ ಕಡೆ ಮೂಲೇಲಿ ಕೂತಿದ್ದೆ. ಕೂಗಿದ್ರೂ ನಿನಗೆ ಕೇಳ್ತಿರ್ಲಿಲ್ಲ."

"ನಿನ್ನ ದನಿ ನನಗೆ ಗೊತ್ತಾಗಲ್ವಾ?"

"ಲೋ, ನಿನ್ನಾಣೆ ಕೂಗ್ಲಿಲ್ಲ ಕಣೋ."

"ಹಿಂದೇನೇ ಇತ್ತು, ಅಕ್ಕ. ಬೆನ್ನ ಹಿಂದೇನೇ."

ಅವನು ನನ್ನನ್ನು ನೋಡಿದ ರೀತಿಯಲ್ಲೇ ತಿಳಿಯಿತು: ಊರೆಲ್ಲ ಅವನು ಮಾರಿಕೊಂಡ ಎಂದು ಅನುಮಾನಿಸುತ್ತಿದ್ದಾಗ, ಅವನು ನನ್ನನ್ನು ಅನುಮಾನಿಸುತ್ತಿದ್ದ. ಮಾನ್ಯರೇ, ನಿಮ್ಮ ನೋಟಿಸನ್ನು ನಾನು ಕ್ಷಮಿಸಬಹುದು. ಆ ನೋಟವನ್ನು ನನ್ನ ಅಡುಗೆಮನೆಗೆ ತಂದದ್ದನ್ನು ಕ್ಷಮಿಸಲಾರೆ.

ಮರುದಿನ ಬೆಳಿಗ್ಗೆಯೇ ಮೈದಾನಕ್ಕೆ ಹೋಗಿ ಧ್ವನಿ ಕೋಣೆಯ ಬಾಗಿಲು ತಟ್ಟಿದೆ. ಯಂತ್ರ ನೋಡಿಕೊಳ್ಳುವವರು ನನ್ನ ವಯಸ್ಸಿನವರೇ, ದಪ್ಪ ಕನ್ನಡಕ, ಒಳ್ಳೆಯ ಮನುಷ್ಯ. ಅವರ ಮುಂದೆ ಗುಂಡಿಗಳ ಸಾಲು. ಒಂದರ ಮೇಲೆ "ಸಂತೋಷ" ಎಂದು ಚೀಟಿ, ಇನ್ನೊಂದರ ಮೇಲೆ "ಆತಂಕ", ಮೂರನೆಯದರ ಮೇಲೆ "ಹಳೇ ಗದ್ದಲ".

"ಹಳೇ ಗದ್ದಲ ಅಂದ್ರೆ ಏನಣ್ಣ?" ಎಂದೆ.

"ಅದಾ? ಎರಡು ವರ್ಷದ ಹಿಂದಿಂದು. ನಮ್ಮದೇ ಮೈದಾನ, ಗೋಲಿನ ಹಿಂದೆ ಮೈಕ್ ಇಟ್ಟು ಹಿಡಿದಿದ್ದು. ಹೊಸಾದ್ರಲ್ಲಿ ಜೀವ ಇಲ್ಲಮ್ಮ, ಅದಕ್ಕೇ ಶನಿವಾರ ಇದನ್ನ ಹಾಕ್ದೆ. ಕೇಳಿ, ಎಂಥಾ ಜನ ಇದ್ರು ನೋಡಿ!"

ಗುಂಡಿ ಒತ್ತಿದರು. ಮೊದಲು ಸೀಟಿ ತಾತನ ಸೀಟಿ ಬಂತು. ತಾತ ಹೋಗಿ ಹತ್ತು ತಿಂಗಳಾಯಿತು. ಆಮೇಲೆ ಅಂಚೆಯವರ ಕೆಮ್ಮು. ಆಮೇಲೆ ಎಲ್ಲರ ಮೇಲೆ, ಸೀಳಿಕೊಂಡು, ಒಂದು ಹೆಣ್ಣು ದನಿ: "ಬಾಗ್ಲು!" ಹಿಂದೆಯೇ ಮುನ್ನೂರು ಜನ.

"ಯಾರೋ ಪುಣ್ಯಾತ್ಗಿತ್ತಿ," ಎಂದರು ಅವರು, "ಏನ್ ಗಂಟಲು ಅಂತೀನಿ!"

"ಅದು ನಾನೇ ಅಣ್ಣ" ಎಂದೆ.

ಅವರು ಕನ್ನಡಕ ತೆಗೆದರು. ನಾನು ಎಲ್ಲ ಹೇಳಿದಮೇಲೆ ಆ ಗುಂಡಿಯನ್ನು ಅಂಗೈಯಿಂದ ಮುಚ್ಚಿದರು. ಅವರದೇನೂ ತಪ್ಪಿಲ್ಲ, ಜೀವ ಇರುವ ಸದ್ದು ಹುಡುಕಿದರು, ನಮ್ಮದು ಸಿಕ್ಕಿತು. ಶುಕ್ರವಾರದ ವಿಚಾರಣೆಗೆ ಬಂದು ಹೇಳುತ್ತೇನೆ ಎಂದಿದ್ದಾರೆ. ಅವರ ಕೆಲಸಕ್ಕೆ ಕೈಹಾಕಬೇಡಿ.

ಮನೆಗೆ ಬಂದು ತಮ್ಮನಿಗೆ ಹೇಳಿದೆ. ಅವನು ರಾತ್ರಿ ದೂಡಿದ್ದ ತಟ್ಟೆಗೆ ತಾನೇ ಎದ್ದು ಬಡಿಸಿಕೊಂಡ. ಅರ್ಧ ಉಂಡಮೇಲೆ, "ಬರಿ, ಅಕ್ಕ. ಪೇಪರಿಗೇ ಬರಿ. ಕಣ್ಣಿಂದೂ ಬರಿ" ಎಂದ.

"ಬರೆದ್ರೆ ಆಟ ಮುಗೀತಲ್ಲೋ."

"ಮುಗೀಲಿ. ಬರೋ ಭಾನುವಾರ ಒಂದು ಆಡ್ತೀನಿ, ಆಮೇಲೆ ನಾನೇ ಕೈಗವಸು ಕೊಟ್ಟು ಬರ್ತೀನಿ. ಒಕ್ಕಣ್ಣ ಅನ್ಲಿ, ಪರವಾಗಿಲ್ಲ. ಮಾರ್ಕೊಂಡ ಅನ್ನಿಸ್ಕೊಂಡು ಬೇಕರೀಲಿ ನಿಲ್ಲಕ್ಕಾಗಲ್ಲ."

ಅದಕ್ಕೇ ಈ ಪತ್ರ. ಇದು ಅಚ್ಚಾದ ಗಳಿಗೆಯಿಂದ ನನ್ನ ತಮ್ಮನ ಎಡಗಡೆ ಬಟಾಬಯಲು. ಭಾನುವಾರದ ಎದುರಾಳಿಗಳೂ ಪೇಪರು ಓದುತ್ತಾರೆ. ತೊಂಬತ್ತು ನಿಮಿಷವೂ ಅವರು ಅಲ್ಲಿಂದಲೇ ಬರುತ್ತಾರೆ. ಇದನ್ನು ತಿಳಿದೇ ಅವನು ಬರಿ ಎಂದ, ತಿಳಿದೇ ನಾನು ಬರೆದೆ. ಮಾರಿಕೊಂಡವನು ಹೀಗೆ ಮಾಡುತ್ತಾನೆಯೇ? ನೀವೇ ಹೇಳಿ.

ಆದ್ದರಿಂದ ನಾನು ಉತ್ಸಾಹ, ವಾತಾವರಣ, ಅಭಿಮಾನ ಎಂದೆಲ್ಲ ದೊಡ್ಡ ಮಾತು ಆಡುವುದಿಲ್ಲ. ನೋಟಿಸನ್ನು ಶುಕ್ರವಾರ ಬಹಿರಂಗವಾಗಿ ಹಿಂದಕ್ಕೆ ಪಡೆಯಿರಿ. "ಹಳೇ ಗದ್ದಲ" ಎಂಬ ಗುಂಡಿಯಿಂದ ನನ್ನ ದನಿಯನ್ನು ಅಳಿಸಿ. ತಾತನ ಸೀಟಿಯನ್ನು ಅವರ ಮಗಳಿಗೆ ಕೊಡಿ, ಕೇಳುತ್ತಿದ್ದಾರೆ. ಭಾನುವಾರ ಎಂಟೂ ಸ್ಪೀಕರು ಬಾಯಿ ಮುಚ್ಚಿಕೊಂಡಿರಲಿ, ಆ ಶಿಸ್ತನ್ನು ನಮಗೆ ಕಲಿಸಿದ್ದು ಸಾಕು, ಅವಕ್ಕೂ ಸ್ವಲ್ಪ ಕಲಿಸಿ. ಟೂತ್‌ಪೇಸ್ಟಿನವನನ್ನು ಒಂದು ದಿನದ ಮಟ್ಟಿಗೆ ಪಕ್ಕಕ್ಕೆ ಸರಿಸಿ, ಎರಡೂ ಕಡೆಯ ಮೆಟ್ಟಿಲು ತೆರೆಯಿರಿ. ವಿರಾಮದಲ್ಲಿ ನಾವು ನಡೆಯುವಾಗ ಹಳದಿ ಕೋಟಿನವರು ದಾರಿ ಬಿಡಲಿ.

ತೆರೆಯದಿದ್ದರೂ ನಾವು ಬರುತ್ತೇವೆ. ಟಿಕೆಟ್ಟು ಕೊಂಡು, ನಂಬರು ನೋಡಿ, ಹೇಳಿದ ಕುರ್ಚಿಯಲ್ಲೇ ಕೂರುತ್ತೇವೆ. ಎಡಗಡೆಯಿಂದ ಮೊದಲನೆಯವನು ನುಗ್ಗಿದ ಕೂಡಲೇ ಮುನ್ನೂರು ಜನ ಏಳುತ್ತೇವೆ. ಅಷ್ಟು ದೂರದಿಂದ ಅವನಿಗೆ ಕೇಳಿಸುತ್ತದೋ ಇಲ್ಲವೋ ಗೊತ್ತಿಲ್ಲ. ಈ ಸಲ ಅವನು ದನಿ ಕೇಳಿ ಹಾರಿದರೆ, ಆ ದನಿಯ ಹಿಂದೆ ನೋಡುವ ಕಣ್ಣಿರಬೇಕು. ಆ ಕಣ್ಣನ್ನು ಅವನಿಂದ ಎಷ್ಟು ದೂರ ಇಡಬೇಕು ಎಂಬುದಷ್ಟೇ ಈಗ ನಿಮ್ಮ ಕೈಯಲ್ಲಿರುವುದು.

ಇಂತಿ,
ಗಂಟಲು ಇನ್ನೂ ತನ್ನ ಬಳಿಯೇ ಇದೆ ಎಂದು ನಂಬಿರುವ,
ಕುರ್ಚಿ ನಂಬರು ನಾನೂರ ಹನ್ನೆರಡು
(ಗೋಲ್‌ಕೀಪರನ ಅಕ್ಕ)