ಕರಣ್‌ರಾಜನಿಗೆ ಬಾರದ ಕನ್ನಡ

೮ ಜುಲೈ ೧೯೯೪, ಶುಕ್ರವಾರ. ಡುಲುತ್

ಎಂದಿನಂತೆ ಐದಕ್ಕೆ ಎಚ್ಚರ. ಶೇವ್, ಕೂದಲಿಗೆ ಬಣ್ಣ, ಬಿ.ಪಿ. ಗುಳಿಗೆ. ಅಮೆರಿಕದ ಈ ಸ್ಟೇಜ್ ಶೋ ಟೂರಿನಲ್ಲಿ ಅಟ್ಲಾಂಟಾದ ಹೋಟೆಲು ಡಾನ್ಸ್ ಟ್ರೂಪಿಗೇ ಸಾಲಲಿಲ್ಲವಂತೆ. ನಿನ್ನೆ ನನ್ನನ್ನು ಊರಾಚೆ ಇಲ್ಲಿ, ಒಬ್ಬ ಡಾಕ್ಟರ ಮನೆಗೆ ಹಾಕಿದರು. ನೂರಾ ನಲವತ್ತು ಹಿಂದಿ ಸಿನಿಮಾ, ಏಳು ನನ್ನದೇ ನಿರ್ಮಾಣ — ಈಗ ಯಾರದೋ ಗೆಸ್ಟ್ ರೂಮು. ಇರಲಿ.

ಡಾಕ್ಟರ ಹೆಸರು ಕಲ್ಮೇಶ್. ಬಾಗಿಲಲ್ಲಿ ಹಿಂದಿಯಲ್ಲಿ ಸ್ವಾಗತಿಸಿದ. ಒಳಗಿನಿಂದ ಅವನ ತಾಯಿ, "ಬರ್ರಿ, ಒಳಗ ಬರ್ರಿ. ಕಾಲಿಗೆ ನೀರು ಕೊಡೋ ಕಲ್ಮೇಶಾ."

ನಮ್ಮ ಗದಗಿನ ಮಾತು. ತಿಳಿಯದವನಂತೆ ಬ್ಯಾಗು ಕೆಳಗಿಟ್ಟೆ. "ಶುಕ್ರಿಯಾ, ಮಾಜಿ" ಎಂದೆ.

೯ ಜುಲೈ, ಶನಿವಾರ

ತಾಯಿಯ ಹೆಸರು ಶಿವಬಸಮ್ಮ. ಬೆಟಗೇರಿಯ ನೇಕಾರರ ಓಣಿ... ನಮ್ಮದೇ. ನಾನು ಊರು ಬಿಟ್ಟ ಎರಡು ವರ್ಷಕ್ಕೆ ಸೊಸೆಯಾಗಿ ಬಂದವಳು. ಬೆಳಿಗ್ಗೆ ಅವಲಕ್ಕಿ ಬಡಿಸುತ್ತ ಮಗನಿಗೆ, "ಇವರನ್ನ ಕೇಳೋ. ನಮ್ಮ ಓಣಿ ಬಸವ್ವನ ಮಗಾ ಕರಬಸಪ್ಪ ಇವರೇ ಅಂತಿದ್ರಲ್ಲ ಮಂದಿ?"

"ಸುಮ್ನಿರವ್ವಾ. ಕರಬಸಪ್ಪ ಅಲ್ಲ, ಕರಣ್‌ರಾಜ್. ಇವರು ಲಾಹೋರ್‌ನವರು. ಆರ್ಫನ್. ಮ್ಯಾಗಜೀನ್‌ನಾಗ ಓದೀನಿ." ಆಮೇಲೆ ನನ್ನತ್ತ ತಿರುಗಿ ಹಿಂದಿಯಲ್ಲಿ, "ಅಮ್ಮ ನಿಮ್ಮ ದೊಡ್ಡ ಫ್ಯಾನ್, ಸರ್."

ಅನುವಾದ ಮುಗಿಯುವ ತನಕ ಕಾದು ನಕ್ಕೆ.

ಆ ಸುಳ್ಳು ನನ್ನದೇ. ೧೯೫೨, ಮೊದಲ ಸಂದರ್ಶನ. ದೇಶ ಒಡೆದಾಗ ಎಲ್ಲರನ್ನೂ ಕಳಕೊಂಡ ಹೀರೊ ಎಂದರೆ ಜನ ಒಪ್ಪುತ್ತಾರೆ ಎಂದ ಪ್ರೊಡ್ಯೂಸರ್. ತಲೆಯಾಡಿಸಿದೆ. ಅವ್ವ ಆಗ ಬೆಟಗೇರಿಯಲ್ಲಿ ಮಗ್ಗದ ಮುಂದೆ ಕೂತಿದ್ದಳು.

ಸಂಜೆ ಶೋ. ಹುಡುಗಿಯರು ಡ್ರೆಸ್ ಬದಲಿಸುವ ನಾಲ್ಕು ನಿಮಿಷ ನನ್ನ ಡೈಲಾಗ್. ಜನ ಸಮೋಸಾ ತರಲು ಎದ್ದರು.

೧೧ ಜುಲೈ, ಸೋಮವಾರ

ಡಾಕ್ಟರು ಡ್ಯೂಟಿಗೆ. ಮನೆಯಲ್ಲಿ ನಾವಿಬ್ಬರೇ. ರೊಟ್ಟಿ ಬಡಿಯುತ್ತ ಶಿವಬಸಮ್ಮ, "ತಿಳೀಲಿಲ್ಲಂದ್ರೂ ಕೇಳ್ರಿ" ಎಂದು ಶುರು ಮಾಡಿದಳು.

"ಬಸವ್ವ ನಿಮ್ಮ ಎಲ್ಲಾ ಸಿನಿಮಾಕ್ಕೂ ನನ್ನ ಕರ್ಕೊಂಡು ಹೋಗಾಕಿ. ನೀವು ಸಾಯೂ ಸೀನ್ ಬಂತಂದ್ರ ಎದ್ದು ಹೊರಗ ಕುಂದ್ರಾಕಿ. ಮುಗದ ಮ್ಯಾಲೆ ಕೇಳಾಕಿ, ಉಳದನೇನು? ಹೂಂ, ಉಳದ, ಅಂತಿದ್ದೆ. ನನ್ನ ಮಗ ಅಂತ ಮಂದಿ ಮುಂದ ಎಂದೂ ಹೇಳಲಿಲ್ಲ. ಅವನ ಅನ್ನಕ್ಕ ನಾ ಯಾಕ ಕಲ್ಲು ಹಾಕ್ಲಿ, ಅಂದ್ಳು ನನ್ನ ಮುಂದ ಒಂದ ಸಲ."

ಕ್ಯಾಮೆರಾ ಮುಂದೆ ಮೂವತ್ತೊಂದು ಸಲ ಸತ್ತಿದ್ದೇನೆ. ಒಂದು ಸಲವೂ ಮುಖ ಹೀಗೆ ಕೈತಪ್ಪಿರಲಿಲ್ಲ. ಎದ್ದು ರೂಮಿಗೆ ಬಂದೆ.

೧೯೬೧ರಲ್ಲಿ ಅವ್ವ ತೀರಿಕೊಂಡಾಗ ನಾನು ಕಾಶ್ಮೀರದಲ್ಲಿ, ಹಾಡಿನ ಶೂಟಿಂಗ್. ತಂತಿ ಜೇಬಿನಲ್ಲಿಟ್ಟುಕೊಂಡು ಸಂಜೆಯವರೆಗೆ ಹೀರೊಯಿನ್ ಜೊತೆ ನಕ್ಕೆ. ಟೇಕ್ ಓಕೆ ಆಯಿತು.

೧೭ ಜುಲೈ, ಭಾನುವಾರ. ಶಾರ್ಲಟ್

ಶೋ ಆಯಿತು. ಡುಲುತ್ ಬಿಡುವಾಗ ಶಿವಬಸಮ್ಮ ಬುತ್ತಿ ಕಟ್ಟಿಕೊಟ್ಟಳು. ನಮಸ್ತೆ ಎಂದೆ. ಅಷ್ಟೇ.

೨೩ ಜುಲೈ, ಶನಿವಾರ. ರಾಕ್‌ವಿಲ್, ಮಧ್ಯಾಹ್ನ ೩

ಮೋಟೆಲ್. ಪಾರ್ಕಿಂಗ್ ಲಾಟ್ ಕಡೆಗೆ ಕಿಟಕಿ. ಶೋ ನಡೆಸುವ ವೇಣುಗೋಪಾಲ ಬಂದು ಇಂಗ್ಲಿಷಿನಲ್ಲಿ ಹೇಳಿದ: ಟೈಮ್ ಸಾಲದು, ಇವತ್ತು ನಿಮ್ಮ ಐಟಮ್ ಡ್ರಾಪ್, ಬೇಜಾರಿಲ್ಲ ತಾನೆ? ಇಲ್ಲ ಎಂದೆ. ನಿಜಕ್ಕೂ ಇರಲಿಲ್ಲ. ಅದಕ್ಕೇ ಹೆದರಿಕೆಯಾಯಿತು.

ಡುಲುತ್‌ಗೆ ಫೋನ್ ಮಾಡಿದೆ.

"ಯಾರ್ರಿ?" ಶಿವಬಸಮ್ಮನೇ ಎತ್ತಿದಳು.

ನಲವತ್ತಾರು ವರ್ಷ ಈ ಪುಸ್ತಕದಲ್ಲಿ ಬಿಟ್ಟರೆ ಎಲ್ಲೂ ಕನ್ನಡವಿಲ್ಲ. "ನಾನ್ರೀ... ಕರಬಸಪ್ಪ. ಬಸವ್ವನ ಮಗ."

ಆ ಕಡೆ ಟೀವಿ ಆರಿಸಿದ ಸದ್ದು.

"ಗೊತ್ತಾತಪ್ಪಾ ಅವತ್ತ" ಎಂದಳು. "ಕನ್ನಡ ತಿಳೀದಾಂವ ಯಾಕ ಅಳ್ತಾನ?" ಆಮೇಲೆ, "ಊಟ ಮಾಡಿಯೇನು?"

ಇಲ್ಲ ಎಂದೆ.

"ಮೊದಲ ಮಾಡು. ಆಮ್ಯಾಲೆ ಮಾತಾಡೂಣು. ನಾ ಎಲ್ಲಿ ಹೋಗಾಕಿ ಅದೀನಿ."

ಕೆಳಗೆ ಹೋಗಿ ಏನಾದರೂ ತಿಂದು ಬಂದು ಮತ್ತೆ ಮಾಡಬೇಕು. ಮರೆಯದಿರಲಿ ಎಂದು ಕೇಳಬೇಕಾದದ್ದು ಬರೆದುಕೊಳ್ಳುತ್ತಿದ್ದೇನೆ. ಅವ್ವನಿಗೆ ಮಣ್ಣು ಕೊಟ್ಟವರು ಯಾರು. ಮಗ್ಗ ಯಾರ ಮನೆಗೆ ಹೋಯಿತು. ಕೊನೆಗೆ ಏನಾದರೂ ಹೇಳಿದಳೇ. ನನ್ನ ಮೇಲೆ ಅವಳಿಗೆ ಸಿಟ್ಟಿತ್ತೇ.